ಫರಸಿಯ ಮೇಲೆ ನಿಂತ ಪೆಟ್ಟಿಗೆ

ರಾಜ್ಯ ಒಂದಾಗಿ ಎರಡು ಬೇಸಿಗೆ ಕಳೆದಿದ್ದವು. ಮೂಡಲಗಿಯ ಹವಾಮಾನ ಕೇಂದ್ರದಲ್ಲಿ ಕಸ ಹೊಡೆದು ನೀರು ತರುವ ಕೆಲಸ ನನ್ನದು. ಕೇಂದ್ರವೆಂದರೆ ದೊಡ್ಡದೇನಲ್ಲ. ಎರೆಹೊಲದ ನಡುವೆ ತಂತಿಬೇಲಿ, ಅದರೊಳಗೆ ನಾಲ್ಕು ಕಾಲಿನ ಬಿಳಿ ಕಟ್ಟಿಗೆಯ ಪೆಟ್ಟಿಗೆ, ಅದರಲ್ಲಿ ಥರ್ಮಾಮೀಟರ್. ಗಾಳಿ ಆಡಲೆಂದು ಸುತ್ತಲೂ ಕಿಂಡಿ. ಕೆಳಗೆ ಹುಲ್ಲೇ ಇರಬೇಕು, ಹತ್ತಿರ ಗೋಡೆ ಇರಬಾರದು. ಇದ್ದರೆ ಗಾಳಿಯ ಬಿಸಿಯ ಜೊತೆ ಗೋಡೆಯ ಬಿಸಿಯೂ ಸೇರಿಕೊಳ್ಳುತ್ತದೆ. ಇದನ್ನು ನನಗೆ ಹೇಳಿಕೊಟ್ಟವರು ದಿನಾ ಉಷ್ಣತೆ ನೋಡಿ ಬರೆಯುತ್ತಿದ್ದ ಭರಮಪ್ಪ ಮಾಸ್ತರರು. ಆ ಹುಲ್ಲು ತುಳಿದರೆ ನನ್ನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು.

ಇಂಥದೇ ಪೆಟ್ಟಿಗೆ ಹುಕ್ಕೇರಿಯಲ್ಲೊಂದು, ಗೋಕಾಕದಲ್ಲೊಂದು. ಮೂರೂ ಊರಿನ ಸರಾಸರಿ ತೆಗೆದು ಈ ಭಾಗದ ಬಿಸಿ ಇಷ್ಟು ಎನ್ನುತ್ತಿದ್ದರು. ಹುಕ್ಕೇರಿ ತಂಪು. ಗೋಕಾಕ ಗುಡ್ಡದ ಬುಡದಲ್ಲಿ ಕುದಿಯುವ ಊರು. ಆ ವರ್ಷ ಮೂರರಲ್ಲಿ ಒಂದನ್ನೇ ಉಳಿಸುತ್ತಾರೆಂದು ಸುದ್ದಿ ಬಂತು. ಮೂಡಲಗಿ ಮುಚ್ಚಿದರೆ ನನ್ನ ಹೊಟ್ಟೆಪಾಡೂ ಮುಚ್ಚಿದಂತೆ.

ಯಾವುದನ್ನು ಉಳಿಸಬೇಕೆಂದು ನೋಡಲು ಇಲಾಖೆಯ ಸಾಹೇಬರು ಬಂದರು. ದೊಡ್ಡವರು ಬರುತ್ತಾರೆಂದರೆ ಅಂಗಳ ಹಸನು ಮಾಡುವುದು ನಮ್ಮ ಕಡೆಯ ಪದ್ಧತಿ. ಗೋಕಾಕದವರು ಆ ಮರ್ಯಾದೆಯನ್ನು ಪೆಟ್ಟಿಗೆಯ ಕೆಳಗೂ ನಡೆಸಿದರು. ಸಾಹೇಬರ ಬೂಟಿಗೆ ಮಣ್ಣು ಹತ್ತಬಾರದೆಂದು ಹುಲ್ಲು ಕಿತ್ತು ಫರಸಿ ಕಲ್ಲು ಹಾಸಿದರು. ಪಕ್ಕದಲ್ಲಿ ತಗಡಿನ ಶೆಡ್ಡು ಮೊದಲೇ ಇತ್ತು. ಮೂಡಲಗಿಯಲ್ಲಿ ಅಡ್ಡಮಳೆ ಬಿದ್ದು ಸಾಹೇಬರ ಜೀಪು ಎರೆಮಣ್ಣಿನಲ್ಲಿ ಹೂತಿತು. ದೂಡಿದವರಲ್ಲಿ ನಾನೂ ಒಬ್ಬಳು.

ಆಮೇಲೆ ಮೂರೂ ಕೇಂದ್ರದವರನ್ನು ಗೋಕಾಕಕ್ಕೆ ಕರೆಸಿದರು. ಶೆಡ್ಡಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ಸಾಹೇಬರು, "ಇದು ಛಲೋ ಐತಿ. ಸ್ವಚ್ಛ ಐತಿ, ರಸ್ತೆ ಬಾಜೂಕ ಐತಿ. ಉಳದ ಎರಡೂ ಬಂದ್ ಮಾಡ್ರಿ" ಎಂದರು.

ನಾನು ಮಾಸ್ತರರ ಕಡೆ ತಿರುಗಿದೆ. "ಏನ್ರಿ ಮಾಸ್ತರ, ಹೇಳ್ರಲಾ!"

"ಸುಮ್ನಿರ ಗಂಗವ್ವಾ. ಬಾಯಿ ತಗದ್ರ ನನ್ನ ಎಲ್ಲಿಗೆ ಒಗೀತಾರೋ."

"ಹುಲ್ಲ ತುಳದ್ರ ನನಗ ಬೈತಿದ್ರಿ. ಇಲ್ಲಿ ಹುಲ್ಲ ಇಲ್ಲ. ಈಗ್ಯಾಕ ನಾಲಿಗಿ ಬಿದ್ದು ಹೋಗೇತಿ?"

ಸಾಹೇಬರಿಗೆ ಕೇಳಿಸಿತು. "ಏನಂತ ಆಕಿದು?"

"ಬೂಟ ಬಿಚ್ಚಿ ಈ ಫರಸಿ ಮ್ಯಾಲ ನಿಂದರ್ರಿ ಸಾಹೇಬ್ರ. ಇದರ ಝಳಾನ ಪೆಟ್ಟಿಗಿ ಒಳಗ ಹೊಕ್ಕೈತಿ" ಎಂದೆ.

"ಪೆಟ್ಟಿಗೀಗ ಕಾಲ ಸುಡೂದಿಲ್ಲವ್ವಾ" ಎಂದು ಅವರು ಇನ್ನೊಂದು ಕಪ್ ಚಹಾ ಕೇಳಿದರು. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ಸಾಹೇಬರ ನಗು ನಾನು ಮರೆತಿದ್ದೇನೆ, ಮಾಸ್ತರರದ್ದನ್ನು ಮರೆತಿಲ್ಲ.

ನನ್ನ ಕೆಲಸ ಹೋಯಿತು. ಕೊಣ್ಣೂರಿನ ಕಬ್ಬಿನ ಹೊಲಕ್ಕೆ ಆಳಾಗಿ ಹೋದೆ. ಮುಂದಿನ ಬೇಸಿಗೆ ಘಟಪ್ರಭಾ ಸ್ಟೇಶನ್ನಿನಲ್ಲಿ ಮಾಸ್ತರರು ಸಿಕ್ಕರು. ಗೋಕಾಕದ ಪೆಟ್ಟಿಗೆ ಅವರ ಪಾಲಿಗೆ ಬಂದಿತ್ತು. ಇಡೀ ಭಾಗಕ್ಕೆ ಈಗ ಅದೊಂದರ ಲೆಕ್ಕವೇ.

"ನಮ್ಮ ಭಾಗದ ಬಿಸಿ ಏರೇತಿ ಅಂತ ವರದಿ ಬಂದೈತಿ, ಗಂಗವ್ವಾ."

"ಯಾವ ಭಾಗದ್ದರಿ? ಮೂಡಲಗೀದೋ, ಹುಕ್ಕೇರೀದೋ? ನಿಮ್ಮ ಫರಸೀದು ಅನ್ರಿ."

ರೈಲು ಬರುವುದು ಇನ್ನೂ ತಡವಿತ್ತು. ಆದರೂ ಅವರು ಎದ್ದು ಹೋಗಿ ಪ್ಲಾಟ್‌ಫಾರ್ಮಿನ ಆ ತುದಿಗೆ ನಿಂತರು.

ಆ ಬೇಸಿಗೆ ಮೂಡಲಗಿ ಎಷ್ಟು ಕಾದಿತ್ತೋ, ಯಾರೂ ಅಳೆಯಲಿಲ್ಲ. ಇನ್ನು ಯಾರ ಅಪ್ಪ ಬಂದರೂ ಅದನ್ನು ಅಳೆಯಲಾಗದು. ಥರ್ಮಾಮೀಟರ್ ತಾನು ನಿಂತ ಜಾಗದ ಮಾತಷ್ಟೇ ಆಡುತ್ತದೆ. ಇಡೀ ಸೀಮೆಯ ಮಾತು ಅದರ ಬಾಯಲ್ಲಿ ಆಡಿಸುವವರು ಮನುಷ್ಯರು. ಅಂಥವರು ಬಿಸಿ ಏರಿತು, ಇಳಿಯಿತು ಎಂದು ಲೆಕ್ಕ ಒಪ್ಪಿಸಿದಾಗ, ಪೆಟ್ಟಿಗೆ ಎಲ್ಲಿ ನಿಲ್ಲಿಸಿದಿರಿ, ಎಲ್ಲಿಂದ ಕಿತ್ತಿರಿ ಎಂದು ಮೊದಲು ಕೇಳಬೇಕು.