ರಂಗಸ್ವಾಮಿ ಸಾರ್ ಶಿವಗಂಗೆಗೆ ಹೋಗುತ್ತಿದ್ದ ಹೊತ್ತು

ಬೆಳಿಗ್ಗೆ ಗೋದಾಮಿಗೆ ಬಂದವರೇ ಮ್ಯಾನೇಜರ್ ರಂಗಸ್ವಾಮಿ ಸಾರ್ ಕಿವಿ ಮುಚ್ಚುವಂತೆ ಮಫ್ಲರ್ ಸುತ್ತಿ, ಮೊಬೈಲನ್ನು ಡ್ರಾಯರಿಗೆ ಹಾಕಿ, "ನಾನು ಶಿವಗಂಗೆಗೆ ಹೋದೆ ಕಣ್ರಪ್ಪಾ" ಎಂದು ಸಾರುತ್ತಿದ್ದರು. ಹೋಗುತ್ತಿದ್ದುದು ಬೆಟ್ಟಕ್ಕಲ್ಲ, ಸರಕಿನ ರ‍್ಯಾಕುಗಳ ಹಿಂದೆ, ಸದ್ದಿಲ್ಲದ ಮೂಲೆಯಲ್ಲಿ ಹಾಕಿಸಿಕೊಂಡಿದ್ದ ಮೇಜಿಗೆ. ಅಂದು ಯಾವ ಲಾರಿ ಎಲ್ಲಿಗೆ, ಯಾವ ಸರಕು ಮೊದಲು ಎಂಬುದನ್ನೆಲ್ಲ ಅಲ್ಲಿ ಒಂದೇ ಪಟ್ಟಿಗೆ ಕೂತು ಬರೆದು ಮುಗಿಸುತ್ತಿದ್ದರು. ಅವರು ಇಳಿದು ಬರುವವರೆಗೆ ಯಾರೂ ಮಾತನಾಡಿಸುವಂತಿರಲಿಲ್ಲ. ಮಾಲೀಕರ ಫೋನ್ ಬಂದರೂ ನಾವು, "ಸಾರ್ ಶಿವಗಂಗೇಲವ್ರೆ" ಎನ್ನುತ್ತಿದ್ದೆವು.

ಬಿ.ಕಾಂ. ಮುಗಿಸಿ ನೆಲಮಂಗಲದ ಆ ಗೋದಾಮಿನಲ್ಲಿ ಬಿಲ್ಲಿಂಗಿಗೆ ಸೇರಿದ ಹೊಸದರಲ್ಲಿ ನಾನು ಕಷ್ಟದ ಬಿಲ್ಲುಗಳನ್ನೆಲ್ಲ ಸಂಜೆಗೆ ತಳ್ಳುತ್ತಿದ್ದೆ. ಸಾರ್ ಒಂದು ದಿನ ನೋಡಿ, "ಮುದ್ದೆ ಬಿಸಿ ಇದ್ದಾಗ್ಲೇ ನುಂಗ್ಬೇಕು ಗುರು. ಆರಿದ್ಮೇಲೆ ಗಂಟ್ಲಲ್ಲಿ ಕೂತ್ಕಂಡು ನಿನ್ನೇ ನೋಡ್ತದೆ" ಎಂದರು. ಮೀಟಿಂಗನ್ನು ನಿಂತೇ ನಡೆಸುತ್ತಿದ್ದರು. "ಕೂತ್ರೆ ಹೆಣ್ಣು ನೋಡೋ ಶಾಸ್ತ್ರ ಆಗೋಯ್ತದೆ. ಕಾಫಿ ಬರ್ತದೆ, ತೀರ್ಮಾನ ಬರಲ್ಲ." ರಾತ್ರಿ ಪಕ್ಕದ ಗೋದಾಮುಗಳಲ್ಲಿ ಇನ್ನೂ ದೀಪ ಉರಿಯುತ್ತಿದ್ದಾಗ ನಾವು ಮನೆಯಲ್ಲಿರುತ್ತಿದ್ದೆವು.

ಹೋದ ವರ್ಷ ಒಂದು ಬೆಳಿಗ್ಗೆ ಫೋರ್ಕ್‌ಲಿಫ್ಟ್ ಹಿಂದಕ್ಕೆ ಬಂದು ರ‍್ಯಾಕಿನ ಕಾಲಿಗೆ ತಗುಲಿತು. ಪೇಂಟ್ ಡಬ್ಬಗಳು ತುಂಬಿದ್ದ ರ‍್ಯಾಕು ಸಾರ್ ಬೆನ್ನಿನ ಕಡೆಗೆ ಬಾಗತೊಡಗಿತು. ಎಷ್ಟು ನಿಧಾನವಾಗಿ ಬಾಗಿತೆಂದರೆ, ಈಗಲೂ ಕಣ್ಣು ಮುಚ್ಚಿದರೆ ಅದು ಬಾಗುತ್ತಲೇ ಇರುತ್ತದೆ. ಅವರು ತಲೆ ತಗ್ಗಿಸಿ ಬರೆಯುತ್ತಿದ್ದರು. ಲೋಡರ್ ಹನುಮಂತು ಅವರತ್ತ ಓಡಿದವನು ಅರ್ಧದಲ್ಲೇ ನಿಂತು, ಪಿಸುದನಿಯಲ್ಲಿ "ಸಾರ್... ಸಾರ್..." ಎಂದ. ಆ ಹೊತ್ತಿನಲ್ಲಿ ಅಲ್ಲಿ ಕೂಗಿ ನಮಗೆ ಅಭ್ಯಾಸವೇ ಇರಲಿಲ್ಲ. ನನ್ನ ಬಾಯಿಂದ ಆ ಪಿಸುದನಿಯೂ ಹೊರಡಲಿಲ್ಲ.

ಟೀ ತಂದಿದ್ದ ನರಸಮ್ಮ ಕೈಯಲ್ಲಿದ್ದ ಸ್ಟೀಲ್ ಲೋಟವನ್ನು ಟೀ ಸಮೇತ ಅವರ ಮೇಲೆ ಎಸೆದಳು. ಸಾರ್ ಸಿಟ್ಟಿನಿಂದ ಎದ್ದು, "ಏನಮ್ಮೋ, ತಲೆ ಕೆಟ್ಟೋಯ್ತಾ ನಿಂಗೆ?" ಎನ್ನುತ್ತ ಅವಳತ್ತ ದಾಪುಗಾಲು ಹಾಕಿದರು. ಹಿಂದೆ ರ‍್ಯಾಕು ಬಿತ್ತು. ಅವರು ಕೂತಿದ್ದ ಕುರ್ಚಿ ಕಾಣಲೇ ಇಲ್ಲ. ಧೂಳು ಇಳಿದ ಮೇಲೆ ಅವರು ಮಫ್ಲರ್ ಬಿಚ್ಚಿ ನರಸಮ್ಮನ ಕಡೆ ತಿರುಗಿದರು. "ನೀನ್ ಬೈಸ್ಕೊಂಡಿದ್ದಕ್ಕೆ ಉಳ್ಕೊಂಡೆ ಕಣಮ್ಮ" ಎಂದರು.

ಆಮೇಲೆ ಅವರಿಗೆ ಹೊಸಕೋಟೆಯ ಕಡೆಗೆ ವರ್ಗವಾಯಿತು. ಹೊರಡುವ ದಿನ ಗೇಟಿನ ಹತ್ತಿರ ನನ್ನನ್ನು ಪಕ್ಕಕ್ಕೆ ಕರೆದರು.

"ನಾನು ಅದನ್ನ ನೋಡ್ಲೇ ಇಲ್ಲ ಕಣಪ್ಪಾ. ಬೆನ್ನಿಂದೆ ಆಯ್ತು, ಮುಗೀತು. ನೋಡ್ದೋನು ನೀನು. ನಿದ್ದೆ ಬರ್ತದಾ?"

ಅದುವರೆಗೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

"ಬರ್ತದೆ ಸಾರ್" ಎಂದೆ.

"ಸುಳ್ಳು" ಎಂದು ನನ್ನ ಕೈ ಹಿಡಿದುಕೊಂಡರು. ಅವರನ್ನು ಕರೆದೊಯ್ಯಲು ಬಂದಿದ್ದ ಕಾರಿನವನು ಹಾರ್ನ್ ಹೊಡೆದ. ಮತ್ತೆ ಹೊಡೆದ. ಅವರು ಕೈ ಬಿಡಲಿಲ್ಲ.