ಖಾಲಿ ಚೌಕಗಳನ್ನು ತುಂಬಿದ ಪ್ರಾಧ್ಯಾಪಕರು

ನಮ್ಮ ಪ್ರಾಧ್ಯಾಪಕರ ಬಯೋಡೇಟಾ ಅವರಿಗಿಂತ ಮೊದಲು ಕಾರಿನಿಂದ ಇಳಿಯುತ್ತಿತ್ತು. ಗದಗಿನಲ್ಲಿರಲಿ ಲಕ್ಷ್ಮೇಶ್ವರದಲ್ಲಿರಲಿ, ವಿಚಾರ ಸಂಕಿರಣಕ್ಕೆ ಬಂದರೆಂದರೆ ಡ್ರೈವರು ದಪ್ಪ ಫೈಲು ಎದೆಗವಚಿಕೊಂಡು ಮುಂದೆ ನಡೆಯುವನು, ಇವರು ಹಿಂದೆ. ಪರಿಚಯ ಮಾಡಿಕೊಡುವ ಬಡಪಾಯಿ ಉಪನ್ಯಾಸಕ ಅದನ್ನು ಓದಿ ಮುಗಿಸುವಷ್ಟರಲ್ಲಿ ಚಹಾ ಆರಿರುತ್ತಿತ್ತು, ತಟ್ಟೆಯಲ್ಲಿನ ಮಿರ್ಚಿ ಮೆತ್ತಗಾಗಿರುತ್ತಿತ್ತು. ಇಷ್ಟು ಪ್ರಬಂಧ, ಇಷ್ಟು ಪಿಎಚ್‌.ಡಿ., ಇಷ್ಟು ಸಮಿತಿ. ಸಂಖ್ಯಾಶಾಸ್ತ್ರದವರಲ್ಲವೇ, ಎಣಿಸುವುದೊಂದು ಚೆನ್ನಾಗಿ ಬರುತ್ತಿತ್ತು.

ನಾನು ಅವರ ಕೈಕೆಳಗೆ ಪಿಎಚ್‌.ಡಿ. ಮಾಡಿದವಳು. ಆಗ ಮುಂಡರಗಿಯ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಬೆಟಗೇರಿಯಿಂದ ದಿನಾ ಬಸ್ಸಿನಲ್ಲಿ ನಿಂತೇ ಹೋಗುವುದು, ಮೂರು ಕ್ಲಾಸು, ಮತ್ತೆ ನಿಂತೇ ಬರುವುದು. ಪದವಿ ಬಂದರೆ ಅತಿಥಿ ಅನ್ನುವ ಹಣೆಪಟ್ಟಿ ತಪ್ಪೀತು ಎಂಬುದೊಂದೇ ಆಸೆ. ಆ ಆಸೆಯ ಕೀಲಿಕೈ ಅವರ ಜೇಬಿನಲ್ಲಿತ್ತು, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಸುಳ್ಳು ಹೇಳಬಾರದು, ವಯಸ್ಸಿನಲ್ಲಿದ್ದಾಗ ಅವರು ಒಂದು ಒಳ್ಳೆಯ ಪ್ರಬಂಧ ಬರೆದಿದ್ದರು. ನಾಲ್ಕೇ ಪುಟ. ಎಲ್ಲಿಯೂ ಬಡಾಯಿಯಿಲ್ಲ. ಅದನ್ನು ಓದಿಯೇ ನಾನು ಅವರನ್ನು ಹುಡುಕಿಕೊಂಡು ಹೋದದ್ದು. ಆಮೇಲಿನವನ್ನೆಲ್ಲ ವಿದ್ಯಾರ್ಥಿಗಳು ಬರೆದರು. ಲಗ್ನಪತ್ರಿಕೆಯಲ್ಲಿ ಮನೆಯ ಹಿರಿಯರ ಹೆಸರು ಮೊದಲು ಬರುವ ಹಾಗೆ ಪ್ರತಿಯೊಂದರಲ್ಲೂ ಅವರ ಹೆಸರು ಮೊದಲು. ಎರಡನೆಯದು ಅವರ ಗೆಳೆಯರೊಬ್ಬರದು. ಆ ಗೆಳೆಯರ ಪ್ರಬಂಧಗಳಲ್ಲಿ ಎರಡನೆಯ ಹೆಸರು ಇವರದು. ಮಾಡಿದವರ ಹೆಸರು ಮೂರನೆಯದು, ಜಾಗ ಉಳಿದರೆ. ಶಿರಹಟ್ಟಿಯಲ್ಲಿ ಒಮ್ಮೆ ಅಂತರರಾಷ್ಟ್ರೀಯ ಸಮ್ಮೇಳನವನ್ನೂ ನಡೆಸಿದರು. ಕಠ್ಮಂಡುವಿನಿಂದ ಒಬ್ಬರು ಪರದೆಯ ಮೇಲೆ ಬಂದು ಹತ್ತು ನಿಮಿಷ ತುಟಿ ಅಲ್ಲಾಡಿಸಿದರು, ದನಿ ಬರಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೆದೆವು. ನಾನೂ ಹೊಡೆದೆ.

ನನ್ನ ವಿಷಯ ನಮ್ಮ ಓಣಿಯ ಕೈಮಗ್ಗಗಳು. ನಮ್ಮದು ನೇಕಾರರ ಮನೆತನ. ಅಪ್ಪ ಮಗ್ಗ ಬಿಟ್ಟು ಅರಿವೆ ಅಂಗಡಿ ಸೇರಿದ್ದ, ಪಕ್ಕದ ಮನೆಯಲ್ಲಿ ದೊಡ್ಡಪ್ಪ ದೊಡ್ಡವ್ವ ಇನ್ನೂ ನೇಯುತ್ತಿದ್ದರು. ಓಣಿಯ ಪ್ರತಿ ಮಗ್ಗದ ಪಕ್ಕದಲ್ಲಿ ಒಂದೊಂದು ಕ್ಯಾಲೆಂಡರು ತೂಗುಹಾಕಿ, ದಿನಾ ಎಷ್ಟು ಮೊಳ ನೇಯ್ದಿರೋ ಆ ತಾರೀಖಿನ ಚೌಕದಲ್ಲಿ ಬರೆಯಿರಿ ಅಂದಿದ್ದೆ. ದೊಡ್ಡವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಮೊಳಕ್ಕೊಂದು ಗೀಟು ಎಳೆಯುತ್ತಿದ್ದಳು. ಅಮಾವಾಸ್ಯೆಯ ದಿನ ನಮ್ಮಲ್ಲಿ ನೇಯಲು ಮಗ್ಗಕ್ಕೆ ಕೂಡುವುದಿಲ್ಲ. ಮಗ್ಗಕ್ಕೆ ಕುಂಕುಮ ಹಚ್ಚಿ ಕೈಮುಗಿದು ಬಿಟ್ಟುಬಿಡುತ್ತಾರೆ. ಹಾಗಾಗಿ ಆ ಚೌಕಗಳು ಖಾಲಿ. ಆ ವರ್ಷವೇ ದೊಡ್ಡಪ್ಪ ತೀರಿಕೊಂಡ. ಸೂತಕ ಕಳೆಯುವವರೆಗೆ ದೊಡ್ಡವ್ವನ ಕ್ಯಾಲೆಂಡರಿನಲ್ಲಿ ಸಾಲು ಚೌಕಗಳು ಖಾಲಿ.

ಕಂಪ್ಯೂಟರಿಗೆ ಏರಿಸುವಾಗ ನಾನೂ ಅವನ್ನು ಖಾಲಿಯೇ ಬಿಟ್ಟೆ. ಸೊನ್ನೆ ಹಾಕಬೇಕು ಅಂತ ಹೊಳೆಯಲೇ ಇಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅಮಾವಾಸ್ಯೆಯ ಖಾಲಿ ಚೌಕದಲ್ಲಿ ತಿಳಿಸಿ ಹೇಳುವಂಥದ್ದು ಏನಿರುತ್ತದೆ? ತಪ್ಪು ನನ್ನದೇ.

ಪ್ರಾಧ್ಯಾಪಕರಿಗೆ ಆ ಖಾಲಿ ಚೌಕಗಳನ್ನು ಕಂಡು ಹಬ್ಬವಾಯಿತು. ಅವು ಕಳೆದುಹೋದ ಅಂಕಿಗಳು ಅಂದುಕೊಂಡರು. ಕಳೆದುಹೋದ ಅಂಕಿಗಳನ್ನು ಅಕ್ಕಪಕ್ಕದ ದಿನಗಳ ಸರಾಸರಿಯಿಂದ ತುಂಬುವ ಹೊಸ ವಿಧಾನವೊಂದನ್ನು ಕಂಡುಹಿಡಿದೆ ಅಂತ ಪ್ರಬಂಧ ಬರೆಸಿ, ಪತ್ರಿಕೆಯೊಂದಕ್ಕೆ ಕಳಿಸಿಯೂ ಬಿಟ್ಟರು. ನನಗೆ ಗೊತ್ತಾದದ್ದು ಮೂರನೆಯ ಹೆಸರಿನವಳಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಕರೆದಾಗ. ಕೋಷ್ಟಕ ನೋಡಿದೆ. ಅಮಾವಾಸ್ಯೆಗಳೆಲ್ಲ ತುಂಬಿದ್ದವು. ಬೆರಳಿಟ್ಟುಕೊಂಡು ದೊಡ್ಡವ್ವನ ಸಾಲಿಗೆ ಬಂದೆ. ಸೂತಕದ ಚೌಕಗಳೂ ತುಂಬಿದ್ದವು.

"ಸರ್, ಇವು ಕಳದುಹೋದ ಅಂಕಿ ಅಲ್ರಿ. ಅವತ್ತ ಮಗ್ಗ ನಿಂತಿರ್ತಾವ. ನಾನ ಸೊನ್ನಿ ಹಾಕಬೇಕಿತ್ತು, ಮರ್ತೆ. ಇದನ್ನ ನೋಡ್ರಿ, ಇದು ನಮ್ಮ ದೊಡ್ಡಪ್ಪ ತೀರಿಕೊಂಡ ದಿನ. ಇಲ್ಲಿ ಐದೂಕಾಲು ಮೊಳ ಅಂತೈತಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಸೊನ್ನಿ ಹಾಕಿದ್ರ ನನ್ನ ವಿಧಾನ ಯಾತಕ್ಕ ಬೇಕವಾ?"

ಇದಕ್ಕಿಂತ ಸತ್ಯವಾದ ಮಾತನ್ನು ಆ ಮನುಷ್ಯ ತನ್ನ ಸೇವಾವಧಿಯಲ್ಲಿ ಆಡಿರಲಿಕ್ಕಿಲ್ಲ. ಆಮೇಲೆ ಮೇಜಿನ ಬಲಗಡೆಗೆ ಕೈ ತೋರಿಸಿದರು. ಅಲ್ಲಿ ನನ್ನ ಮಹಾಪ್ರಬಂಧ ಅವರ ಸಹಿಗೆ ಕಾದು ಎರಡು ತಿಂಗಳಾಗಿತ್ತು.

"ನಿಂದೂ ಇಲ್ಲೇ ಐತಿ. ನೀ ಇದಕ್ಕ ಮಾಡು, ನಾ ಅದಕ್ಕ ಮಾಡ್ತೀನಿ. ಒಂದ ಪೆನ್ನು ಸಾಕು."

ನಾನು ಸಹಿ ಹಾಕಿದೆ. ಜಗಳ ಮಾಡಿದೆ, ಕಣ್ಣೀರು ಹಾಕಿದೆ ಅಂತೆಲ್ಲ ಬರೆದರೆ ಚೆಂದ ಕಾಣುತ್ತದೆ, ಆದರೆ ಅಂಥದ್ದೇನೂ ಆಗಲಿಲ್ಲ. ಪೆನ್ನನ್ನು ಮರಳಿ ಕೊಟ್ಟು ಥ್ಯಾಂಕ್ಯೂ ಸರ್ ಅಂದೆ. ಡಾಕ್ಟರೂ ಆದೆ.

ಅವರು ನಿವೃತ್ತರಾದ ವರ್ಷ ಗದಗಿನಲ್ಲಿ ಶಿಷ್ಯರೆಲ್ಲ ಸೇರಿ ಸನ್ಮಾನ ಇಟ್ಟುಕೊಂಡರು. ತಮ್ಮ ಜೊತೆ ನೇಕಾರರೊಬ್ಬರಿಗೂ ಶಾಲು ಹೊದಿಸಬೇಕು, ಸಂಶೋಧನೆ ಜನರಿಗೆ ಮುಟ್ಟಿದೆ ಅಂತ ಕಾಣಬೇಕು ಎಂಬುದು ಅವರ ಅಪೇಕ್ಷೆ. ಯಾರಿದ್ದಾರೆ ಅಂದಾಗ ನನ್ನ ಬಾಯಿಂದ ದೊಡ್ಡವ್ವನ ಹೆಸರೇ ಬಂತು. ಪೆಟ್ಟಿಗೆಯಲ್ಲಿದ್ದ ಸೀರೆ ಉಟ್ಟು ಬಂದಳು. ಅವಳನ್ನು ನೋಡಲೆಂದು ಓಣಿಯ ಹೆಣ್ಣುಮಕ್ಕಳೂ ಬಂದು ಮುಂದಿನ ಸಾಲಿನಲ್ಲಿ ಕೂತರು. ಹೊಗಳಿಕೆಯ ಮಳೆಯೆಲ್ಲ ಸುರಿದ ಮೇಲೆ ಪ್ರಾಧ್ಯಾಪಕರು ಮೈಕು ಹಿಡಿದು ದೊಡ್ಡವ್ವನ ಕಡೆ ತಿರುಗಿದರು.

"ಈ ತಾಯಿಯ ಮಗ್ಗ ವರ್ಷದಾಗ ಒಂದ ದಿನಾನೂ ನಿಂತಿಲ್ಲ. ಇದನ್ನ ನಾ ಹೇಳಾಕತ್ತಿಲ್ಲ, ನಮ್ಮ ಸಂಶೋಧನಾ ಹೇಳತೈತಿ!"

ಚಪ್ಪಾಳೆ ಬಿತ್ತು. ಮುಂದಿನ ಸಾಲಿನಿಂದ ಮಾತ್ರ ಬರಲಿಲ್ಲ. ಒಬ್ಬಾಕೆ ಪಕ್ಕದವಳ ಕಡೆ ಬಾಗಿ, ಎಲ್ಲರಿಗೂ ಕೇಳುವ ಹಾಗೆಯೇ ಅಂದಳು.

"ಅಮಾಸಿಗೂ ಕೂಡತಿದ್ಲಂತ. ಗಂಡ ಸತ್ತಾಗೂ ಕೂತಿದ್ಲು ಹಂಗಾರ."

ದೊಡ್ಡವ್ವ ಶಾಲು ಹೊದ್ದುಕೊಂಡೇ ನಿಂತಿದ್ದಳು. ಫೋಟೋ ತೆಗೆಯುವವನು ನಗ್ರಿ ಅಂದ, ಅವಳು ನಗಲಿಲ್ಲ.

ಮನೆಗೆ ಬರುವಾಗ ಆಟೋದಲ್ಲಿ ನಾನು ಪ್ರಾಧ್ಯಾಪಕರ ಮೈಮೇಲಿನ ಒಂದು ಎಳೆಯನ್ನೂ ಬಿಡದೆ ಬೈದೆ. ಲಫಂಗ, ಬಡಾಯಿಕೋರ, ಕಂಡವರ ಬೆವರಿಗೆ ತನ್ನ ಹೆಸರು ಹಚ್ಚುವವ, ಮಗ್ಗದ ಮುಖ ನೋಡದೆ ಮಗ್ಗದ ಪಂಡಿತನಾದವ. ಈಗಲೂ ಅದರಲ್ಲಿ ಒಂದು ಶಬ್ದವನ್ನೂ ಹಿಂದೆ ತೆಗೆದುಕೊಳ್ಳುವುದಿಲ್ಲ. ದೊಡ್ಡವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಬೆಟಗೇರಿ ಬಂದ ಮೇಲೆ ಬಾಯಿ ಬಿಟ್ಟಳು.

"ನಿಮ್ಮ ದೊಡ್ಡಪ್ಪ ಹೋದ ದಿನ ನಾ ನೇಯ್ದೆ ಅಂತ ಬರದೈತೇನು ಅದ್ರಾಗ?"

"ಹೂಂ."

"ಎಷ್ಟು?"

"ಐದೂಕಾಲು ಮೊಳ."

"ಅಚ್ಚಾಗೂ ಮುಂಚೆ ನೀ ಅದನ್ನ ನೋಡಿದ್ದಿ?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದಲು ಬರುವುದಿಲ್ಲ, ಎಂದಿಗೂ ಗೊತ್ತಾಗುತ್ತಿರಲಿಲ್ಲ. ನೋಡಿದ್ದೆ ಅಂದೆ.

ದೊಡ್ಡವ್ವ ಶಾಲನ್ನು ಮಡಚಿ ನನ್ನ ತೊಡೆಯ ಮೇಲಿಟ್ಟು ಆಟೋದಿಂದ ಇಳಿದಳು.

"ಅಂವಗ ಏನ್ ಗೊತ್ತವಾ, ಹೊರಗಿನಂವ," ಅಂದಳು. "ಹೆಣದ ಕಾಲಕಡೆ ನನ್ನ ಹಿಡಕೊಂಡು ಕುಂತಾಕಿ ನೀನ ಅಲ್ಲೇನು?"