ಬಾಗಿಲಲ್ಲಿ ಮೊದಲು ಎದುರಾದವಳು

ನಮ್ಮ ಮನೆಯಲ್ಲಿ ಪ್ರಾರ್ಥನೆಗೆ ಇಂಥ ಹೊತ್ತು ಅಂತ ಇರಲಿಲ್ಲ. ಸಂಜೆ ಕರೆಂಟ್ ಹೋದಾಗ ಪ್ರಾರ್ಥನೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್ ಮಗ್ಗ. ಅವು ಓಡುತ್ತಿದ್ದರೆ ಪಕ್ಕದಲ್ಲಿ ಕೂತವರ ಮಾತೇ ಕೇಳುತ್ತಿರಲಿಲ್ಲ, ಇನ್ನು ದೇವರ ಮಾತು ಎಲ್ಲಿ ಕೇಳಬೇಕು? ಬೀದಿ ಗಪ್‌ಚುಪ್ ಆದಕೂಡಲೇ ಅಪ್ಪ ಮೈಮೇಲಿನ ನೂಲಿನ ಧೂಳು ಕೊಡವಿಕೊಂಡು, ಲಾಟೀನು ಹಚ್ಚಿಸಿ, ನಮ್ಮನ್ನು ಕೂರಿಸಿ ಬೈಬಲ್ ಓದಿಸುತ್ತಿದ್ದ. ಅವನಿಗೆ ಓದು ಬರುತ್ತಿರಲಿಲ್ಲ. ಮದುವೆಯಾದ ಎಷ್ಟೋ ವರ್ಷದ ಮೇಲೆ ಯೇಸುವನ್ನು ನಂಬಿದ ನೇಕಾರ ಅವನು. ಚರ್ಚಿನಲ್ಲಿ ಕಿವಿಗೆ ಬಿದ್ದದ್ದೇ ಅವನ ಪಾಂಡಿತ್ಯ.

ಅಪ್ಪನ ತಾಯಿ, ನಮ್ಮಜ್ಜಿ ಮಾತ್ರ ತನ್ನ ದೇವರನ್ನು ಬಿಡಲಿಲ್ಲ. ಒಳಮನೆಯಲ್ಲಿ ತನ್ನ ಪಾಡಿಗೆ ದೀಪ ಹಚ್ಚಿ, ಬಂದು ಕಂಬಕ್ಕೊರಗಿ ನಮ್ಮ ಓದು ಕೇಳುತ್ತಿದ್ದಳು. ಅಕ್ಕನನ್ನು ಅವಳು ಕರೆಯುತ್ತಿದ್ದುದು "ನನ್ನ ತವುಡಿನ ಮಗಳು" ಎಂದು. ಅಕ್ಕನಿಗಿಂತ ಮುಂಚೆ ಹುಟ್ಟಿದ ಕೂಸುಗಳು ಉಳಿದಿರಲಿಲ್ಲ. ಹಾಗಾಗಿ ಅಕ್ಕ ಹುಟ್ಟಿದಾಗ ಅಜ್ಜಿ ಅವಳನ್ನು ಮೊರದಲ್ಲಿ ಮಲಗಿಸಿ, ನಮ್ಮಮ್ಮನಿಗೆ ತವುಡು ಕೊಟ್ಟು ಕೊಂಡುಕೊಂಡಿದ್ದಳಂತೆ. ಕೂಸು ಬೇರೆಯವರದಾಯಿತು ಎಂದರೆ ಸಾವು ಹುಡುಕಿಕೊಂಡು ಬರುವುದಿಲ್ಲ ಎಂಬ ನಂಬಿಕೆ.

ತೊಂಬತ್ತರ ಆಚೀಚಿನ ಮಾತು. ನನಗೆ ಹದಿನಾರು, ಅಕ್ಕನಿಗೆ ಇಪ್ಪತ್ತು ದಾಟಿತ್ತು. ಬಂದ ಸಂಬಂಧಗಳಿಗೆಲ್ಲ ಅಪ್ಪ ಏನೋ ಒಂದು ಕೊಂಕು ತೆಗೆಯುತ್ತಿದ್ದ. ಒಬ್ಬ ಕುಳ್ಳನಾದ, ಇನ್ನೊಬ್ಬನ ಊರು ದೂರವಾಯಿತು. ಆಮೇಲೆ ಇಲ್ಲೇ ಹತ್ತಿರದ ವಿಜಯಪುರದಿಂದ, ರೇಷ್ಮೆ ಹುರಿ ಮಾಡುವ ಮನೆಯಿಂದ ಒಬ್ಬ ಬಂದ. ಅವನಲ್ಲಿ ಹುಳುಕು ಹುಡುಕಲು ಅಪ್ಪನಿಗೂ ಆಗಲಿಲ್ಲ. ಎಂದೂ ಬಾಯಿಬಿಡದ ಅಕ್ಕ ಕಂಡಿಕೆಗೆ ನೂಲು ಸುತ್ತುತ್ತಾ ಗುನುಗತೊಡಗಿದ್ದಳು.

ಬೈಬಲಿನ ಕೀರ್ತನೆಗಳನ್ನೇ ಎಷ್ಟು ಸಲ ಓದೋದು, ಮೊದಲಿಂದ ಸಾಲಾಗಿ ಓದೋಣ ಎಂದು ಹಟ ಹಿಡಿದವಳೂ ಅಕ್ಕನೇ. ಹಾಗೆ ಓದುತ್ತಾ ಒಂದು ಸಂಜೆ ಆ ಅಧ್ಯಾಯ ಬಂತು. ಒಬ್ಬ ಸೇನಾಪತಿ ಯುದ್ಧಕ್ಕೆ ಮುಂಚೆ ಹರಕೆ ಹೊರುತ್ತಾನೆ: ಗೆದ್ದು ಬಂದರೆ, ನನ್ನ ಮನೆ ಬಾಗಿಲಿಂದ ಮೊದಲು ಎದುರು ಬಂದದ್ದು ದೇವರಿಗೆ. ಗೆಲ್ಲುತ್ತಾನೆ. ಅಪ್ಪ ಗೊತ್ತಿರುವ ಕಥೆ ಎನ್ನುವಂತೆ ತಲೆಯಾಡಿಸಿದ. ಅಕ್ಕ ಪುಟ ತಿರುವಿದಳು. ಬಾಗಿಲಿಂದ ಬಂದದ್ದು ಅವನ ಒಬ್ಬಳೇ ಮಗಳು, ಕುಣಿಯುತ್ತಾ. ಅವನು ಬಟ್ಟೆ ಹರಿದುಕೊಂಡು ಅಳುತ್ತಾನೆ. ಕೊನೆಗೆ ಹೊತ್ತ ಹರಕೆಯನ್ನು ತೀರಿಸಿಯೇ ಬಿಡುತ್ತಾನೆ.

"ಇಲ್ಲ," ಅಂದ ಅಪ್ಪ. "ಹಂಗಿಲ್ಲ ಅದು. ಗೆದ್ದ, ಅಲ್ಲಿಗೆ ಮುಗೀತು."

"ಮುಗಿಯಲ್ಲಪ್ಪ, ಇಲ್ನೋಡು." ಓದು ಬಾರದವನ ಮುಂದೆ ಅಕ್ಕ ಪುಟ ಹಿಡಿದಳು.

ಅಪ್ಪ ಅದನ್ನು ನೋಡಲಿಲ್ಲ, ಅಕ್ಕನ ಮುಖ ನೋಡಿದ. ಆಮೇಲೆ ನೆಲ ನೋಡಿಕೊಂಡು ಹೇಳಿದ. ನಾನು ಮೂರು ವರ್ಷದವಳಿದ್ದಾಗ ಜ್ವರ ಬಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರೇ ಕೈಚೆಲ್ಲಿದ್ದರಂತೆ. ಆಗ ಅವನಿಗೆ ಚರ್ಚಿನ ಪ್ರಸಂಗದಲ್ಲಿ ಕೇಳಿದ ಆ ಸೇನಾಪತಿ ನೆನಪಾದ. ಪ್ರಸಂಗ ಮಾಡಿದವರು ಗೆಲುವಿನ ತನಕ ಹೇಳಿ ನಿಲ್ಲಿಸಿದ್ದರು. ಗೆಲ್ಲಿಸಿದ ಹರಕೆ ಅಂದಮೇಲೆ ಒಳ್ಳೆಯದೇ ಇರಬೇಕು ಎಂದು ಅಪ್ಪನೂ ಅದನ್ನೇ ಹೊತ್ತ.

"ಬಾಗ್ಲಲ್ಲಿ ಮೇಕೆ ಇತ್ತು. ನನ್ನ ಕಂಡ್ರೆ ಹಗ್ಗ ಕಿತ್ಕೊಂಡು ಬರೋದು. ಅದೇ ಬರುತ್ತೆ ಅಂದ್ಕೊಂಡಿದ್ದೆ." ಅಕ್ಕನ ಕಡೆ ಕೈ ತೋರಿಸಿದ. "ಇವಳು ಬಂದ್ಬಿಟ್ಲು."

ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಹೆಂಡತಿಗೂ ಹೇಳದೆ ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಪುಣ್ಯಾತ್ಮ!

ಮಾರನೆಯ ದಿನ ಅಯ್ಯನವರನ್ನು, ಅಂದರೆ ನಮ್ಮ ಚರ್ಚಿನ ಪಾದ್ರಿಯನ್ನು ಕರೆಸಿದೆವು. ಒಳ್ಳೆಯ ಮನುಷ್ಯ. ಅಪ್ಪನ ಮುಖ ಕಂಡು ಅವರಿಗೆ ಮರುಕವಾಯಿತು.

"ತುಂಬಾ ಕಷ್ಟದ ಭಾಗ ಕಣಪ್ಪಾ ಅದು. ಮಗಳನ್ನ ಕೊಂದ ಅಂತ ಕೆಲವರು ಹೇಳ್ತಾರೆ. ಕೊಲ್ಲಲಿಲ್ಲ, ಮದುವೆ ಮಾಡದೆ ದೇವರ ಸೇವೆಗೆ ಬಿಟ್ಟ ಅಂತ ಇನ್ನು ಕೆಲವರು. ನನಗೆ ಎರಡನೇದೇ ಸರಿ ಅನ್ಸುತ್ತೆ."

ಅಪ್ಪನ ಮುಖ ಅರಳಿತು. "ಹಂಗಾದ್ರೆ ಸರಿ. ಮದುವೆ ಬೇಡ, ಸೇವೆಗಿರ್ಲಿ."

ನಾನು ದಂಗಾದೆ. ಸಮಾಧಾನಕ್ಕೆಂದು ಕೊಟ್ಟ ಅರ್ಥ ಅಕ್ಕನ ಕುತ್ತಿಗೆಗೇ ಬಂದಿತ್ತು. ಅಯ್ಯನವರೂ ಬೆಚ್ಚಿಬಿದ್ದರು. "ನಾನು ಹಾಗೆ ಹೇಳ್ಲಿಲ್ಲಪ್ಪಾ. ಅವನದು ದುಡುಕಿನ ಹರಕೆ. ದೇವರು ಕೇಳಿರ್ಲಿಲ್ಲ."

"ಹೊತ್ತಿದ್ದಕ್ಕೇ ಇವಳು ಉಳಿದಿದ್ದು," ಎಂದು ಅಪ್ಪ ನನ್ನ ಕಡೆ ಕೈ ಮಾಡಿದ. "ಈಗ ಮಾತು ತಪ್ಪಿ, ಆಮೇಲೆ ಇವಳನ್ನ ಕಿತ್ಕೊಂಡ್ರೆ?"

ಅಕ್ಕ ನನ್ನನ್ನೇ ನೋಡಿದಳು. "ವಿಜಯಪುರದೋರಿಗೆ ಬೇಡ ಅಂತ ಹೇಳ್ಕಳ್ಸಿ," ಅಂದಳು. ಅಷ್ಟೇ.

ಆಗ ಕಂಬದ ಹತ್ತಿರದಿಂದ ಅಜ್ಜಿ ಕೇಳಿದಳು. "ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಯಾರ ಮಗಳನ್ನ ಯಾರಿಗ್ಲಾ ಕೊಡ್ತೀಯಾ? ಅವಳನ್ನ ತವುಡು ಕೊಟ್ಟು ಕೊಂಡ್ಕೊಂಡಿರೋಳು ನಾನು. ನನ್ನ ಕೇಳಿದ್ಯಾ?"

"ಹೌದು," ಎಂದಳು ಅಮ್ಮ. "ಸೆರಗೊಡ್ಡಿ ಇಸ್ಕೊಂಡಿದ್ದೆ."

ಅಪ್ಪ ಅಯ್ಯನವರ ಕಡೆ ತಿರುಗಿದ. ಮುಗೀತು ಕಥೆ ಅಂದುಕೊಂಡೆ. ತವುಡು, ತಾಯಿತ ಎಲ್ಲ ಕಂದಾಚಾರ ಎಂದು ಎಷ್ಟೋ ಭಾನುವಾರ ಗುಡುಗಿದ ಬಾಯಿ ಅದು. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು.

"ಕ್ರಯ ಆಗಿದೆಯಲ್ಲಪ್ಪಾ," ಅಂದರು. "ನಿನ್ನದಲ್ಲದ್ದನ್ನ ನೀನು ಹೆಂಗೆ ಕೊಡ್ತೀಯಾ? ದೇವರು ಅದನ್ನ ತಗೊಂಡೇ ಇಲ್ಲ."

"ಮತ್ತೆ ಈ ಚಿಕ್ಕೋಳನ್ನ ಯಾಕೆ ಉಳಿಸ್ದ?"

"ಏನೂ ತಗೊಳ್ದೆ ಉಳಿಸ್ದ."

ಅಪ್ಪ ಗೋಡೆಗೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ಅಜ್ಜಿ ಎಲೆಅಡಿಕೆ ಚೀಲ ಬಿಚ್ಚಿದಳು.

ಮದುವೆಯ ಹಿಂದಿನ ದಿನ ಅಕ್ಕ ಸೀರೆ ಮಡಚಿ ಟ್ರಂಕಿಗೆ ತುಂಬುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ನನಗೆ ಸುಮ್ಮನಿರಲಾಗಲಿಲ್ಲ. "ಅಲ್ಲ ಕಣೇ, ಅವತ್ತು ಮೇಕೆಗಿಂತ ಮುಂಚೆ ನೀನ್ಯಾಕೆ ಓಡ್ಬಂದೆ?" ಎಂದು ಕೇಳಿಯೇಬಿಟ್ಟೆ.

"ನೀನೇ ಕರೆದ್ಯಲ್ಲೇ," ಅಂದಳು. "ಜ್ವರ ಬಂದಾಗಿಂದ ನಿಂಗೆ ಮಾತೇ ಇರ್ಲಿಲ್ಲ. ಅಪ್ಪನ ಹೆಗಲ ಮೇಲಿಂದ ಅಕ್ಕಾ ಅಂದೆ. ಓಡ್ಬಂದೆ."

ನನ್ನ ಕೈಯಲ್ಲಿದ್ದ ಸೀರೆಯ ತುದಿ ನೆಲಕ್ಕೆ ಜಾರಿತು.

"ಮಡ್ಚೇ," ಅಂದಳು ಅಕ್ಕ.